ಬಳೆಗಾರ ಕೇಳಿದ ಸುಳಿವು

"ಬುದ್ಧಿ, ಗೊತ್ತಿಲ್ಲದವನು ಗೊತ್ತಿದ್ದವನನ್ನು ಕೇಳಿದರೆ ತಪ್ಪೇ?"

ಚನ್ನವೀರ ಹೇಳಿದ್ದು ಪ್ರಶ್ನೆಯಂತಿದ್ದರೂ ಅದು ದೂರು. ಗುರುಗಳು ಮಠದ ಶಿಷ್ಯರಿಗೆಲ್ಲ ಒಂದು ಬೆಡಗಿನ ವಚನ ಕೊಟ್ಟು, ಅದರೊಳಗೆ ಅಡಗಿದ ಅರ್ಥವನ್ನು ಹುಡುಕಿ ತರಲು ಹೇಳಿದ್ದರು. ಹಿರಿಯ ಶಿಷ್ಯ ಪರ್ವತಯ್ಯನಿಗೆ ಅದು ಸಿಕ್ಕಿತ್ತು, ಚನ್ನವೀರನಿಗೆ ಸಿಕ್ಕಿರಲಿಲ್ಲ. ಅವನು ಊಟದ ಪಂಕ್ತಿಯಲ್ಲಿ ಎಲ್ಲರೆದುರು ಅರ್ಥ ಹೇಳೆಂದು ಕೇಳಿದ. ಪರ್ವತಯ್ಯ, ನೀನು ಎಲ್ಲಿಯವರೆಗೆ ಬಂದಿದ್ದೀಯ ಎಂದು ತಿರುಗಿ ಕೇಳಿದ. ಚನ್ನವೀರ ಅದನ್ನು ಬಿಟ್ಟು ಅರ್ಥವನ್ನೇ ಮತ್ತೆ ಕೇಳಿದ. ಪರ್ವತಯ್ಯ ತಲೆ ತಗ್ಗಿಸಿ ಊಟ ಮುಂದುವರಿಸಿದ. ಗೊತ್ತಿದ್ದೂ ಹೇಳದಿರುವುದು ಹೊಟ್ಟೆಕಿಚ್ಚಲ್ಲದೆ ಇನ್ನೇನು ಎಂಬುದು ಚನ್ನವೀರನ ಸಂಕಟ.

ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದೂರಿನ ಕುಂಬಾರ ಪಕ್ಕದ ಬೆಟ್ಟದಲ್ಲಿ ಒಂದು ಕುಡಿಕೆಯನ್ನು ಬಚ್ಚಿಟ್ಟಿದ್ದ. ಅದನ್ನು ಹುಡುಕುವುದು ಸುತ್ತಲಿನವರಿಗೆ ಒಂದು ಆಟ. ಕುಡಿಕೆ ಸಿಕ್ಕವರು ಅದರಲ್ಲಿದ್ದ ಒಂದು ವಸ್ತುವನ್ನು ತೆಗೆದುಕೊಂಡು, ತಮ್ಮದೊಂದನ್ನು ಹಾಕಿ, ಅದನ್ನು ಇದ್ದಲ್ಲೇ ಇಟ್ಟು ಬರಬೇಕು. ಜಾಗವನ್ನು ಯಾರಿಗೂ ಹೇಳಬಾರದು. ತೀರ ತೋಚದೆ ಹೋದರೆ ಬಚ್ಚಿಟ್ಟ ಕುಂಬಾರನನ್ನೇ, ಅವನೊಬ್ಬನೇ ಇರುವಾಗ ಹೋಗಿ ಸುಳಿವು ಕೇಳಬಹುದು. ಯಾರೂ ಡಂಗುರ ಹೊಡೆಸಿ ಸಾರಿದ ಕಟ್ಟಳೆಯಲ್ಲ ಇದು. ಆದರೂ ಅದನ್ನು ಯಾರೂ ಮೀರಿರಲಿಲ್ಲ.

ಅದೇ ಊರಿನಲ್ಲಿ ಒಬ್ಬ ಬಳೆಗಾರನಿದ್ದ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುವ ಗಾದೆ ಅವನನ್ನು ನೋಡಿಯೇ ಹುಟ್ಟಿರಬೇಕು. ದಾರಿ ಕಣ್ಣೆದುರೇ ಇದ್ದರೂ ಯಾರನ್ನಾದರೂ ಕೇಳಿಯೇ ಹೆಜ್ಜೆ ಇಡುವ ಆಸಾಮಿ. ಹೆಂಡತಿಯದು ಮಾತು ಕಡಿಮೆ. ಜ್ವರವೆಂದು ಮಲಗಿದವಳು ಮತ್ತೆ ಏಳಲಿಲ್ಲ. ಕೊನೆಗಳಿಗೆಯಲ್ಲಿ ಗಂಡನನ್ನು ಹತ್ತಿರ ಕರೆದು, "ಬೆಟ್ಟದ ಕುಡಿಕೆಯಲ್ಲಿ ನಿಮಗೆ ಅಂತ ಒಂದು ಇಟ್ಟಿದ್ದೀನಿ. ಬೇರೆಯವರ ಕೈ ಸೇರೋ ಮೊದಲು ಹುಡುಕಿ ತಗೊಳ್ಳಿ" ಎಂದಳು. ಏನಿಟ್ಟೆ, ಎಲ್ಲಿ ಎಂದು ಅವನು ಕೇಳುವಷ್ಟರಲ್ಲಿ ಉಸಿರು ನಿಂತಿತ್ತು.

ಬಳೆಗಾರ ಅತ್ತ. ಅಳುವಿನ ಬೆನ್ನಿಗೇ ಹಟ ಬಂತು. ಬಾಯಿಬಿಟ್ಟು ಏನನ್ನೂ ಬೇಡದವಳು ತನಗೆಂದು ಇಟ್ಟುಹೋದದ್ದು ತನಗೇ ಸೇರಬೇಕು, ಪರರ ಪಾಲಾಗಬಾರದು. ತಿಥಿ ಮುಗಿದ ಮರುದಿನವೇ ಬೆಟ್ಟ ಹತ್ತಿದ. ಕೈಗೆ ಸಿಕ್ಕ ಕಲ್ಲನ್ನು ಉರುಳಿಸಿದ, ಕಾಲಿಗೆ ಸಿಕ್ಕ ಪೊದೆಯನ್ನು ಬಡಿದ. ಆತುರಗಾರನಿಗೆ ಬುದ್ಧಿ ಮಟ್ಟ. ಯಾವ ಕಲ್ಲು ನೋಡಿದೆ, ಯಾವುದು ಬಿಟ್ಟೆ ಎಂಬುದು ಅವನಿಗೇ ತಿಳಿಯಲಿಲ್ಲ. ಬಿಸಿಲೇರಿದಾಗ ಇಳಿದು ಬಂದು ಕುಂಬಾರನ ಬಾಗಿಲಲ್ಲಿ ನಿಂತ.

"ಎಲ್ಲೆಲ್ಲಿ ನೋಡಿದೆ?" ಎಂದ ಕುಂಬಾರ.

"ಎಲ್ಲಾ ಕಡೆ ನೋಡಿದೆ."

"ಎಲ್ಲಾ ಕಡೆ ನೋಡಿದ್ದರೆ ಸಿಗಬೇಕಿತ್ತಲ್ಲ ತಮ್ಮಾ" ಎಂದು ಕುಂಬಾರ ಮಡಕೆಯ ತಿಗರಿಯ ಕಡೆ ತಿರುಗಿಕೊಂಡ.

ಮಣ್ಣು ಮೆಟ್ಟಿ ಮೆಟ್ಟಿ ಇವನ ಎದೆಯೂ ಮಣ್ಣಾಗಿದೆ ಎಂದು ಬೈದುಕೊಂಡು ಬಳೆಗಾರ ಹಿಂತಿರುಗಿದ. ಆ ವಾರದ ಸಂತೆಯಲ್ಲಿ ಬಳೆ ಹರಡಿಕೊಂಡು ಕೂತವನಿಗೆ ಎದುರಿಗೆ ಎಣ್ಣೆ ಮಾರುವ ಗಾಣಿಗ ಕಂಡ. ಗಾಣಿಗನಿಗೆ ಹಿಂದೊಮ್ಮೆ ಕುಡಿಕೆ ಸಿಕ್ಕಿತ್ತೆಂದು ಊರಿಗೇ ಗೊತ್ತಿತ್ತು. ಬಳೆಗಾರ ಕೂತಲ್ಲಿಂದಲೇ ಕೂಗಿ ಕೇಳಿದ. ಗಾಣಿಗ ಕಟ್ಟಳೆ ನೆನಪಿಸಿದ. ಇವನು ಹೆಂಡತಿಯ ಕೊನೆಯ ಮಾತನ್ನು ಸಂತೆಯ ನಡುವೆ ಹೇಳಿಕೊಂಡು ಗೋಳಾಡಿದ. ಗಾಣಿಗನ ಮನಸ್ಸು ಕರಗಿತು. ಹುಣಸೆಮರದ ಹಿಂದಿನ ಬಂಡೆಯ ಸಂದಿನಲ್ಲಿದೆ ಎಂದುಬಿಟ್ಟ.

ಕಿವಿಗಳು ಇದ್ದದ್ದು ಬಳೆಗಾರನೊಬ್ಬನಿಗೇ ಅಲ್ಲ. ಅವನು ಎದ್ದು ಓಡಬೇಕೆಂದರೆ ಸುತ್ತ ಹರಡಿದ್ದು ಗಾಜು. ಒಂದೊಂದೇ ಬಳೆಯನ್ನು ಪೋಣಿಸಿ, ಮಲಾರದ ಹೊರೆ ಕಟ್ಟಿ ಹೆಗಲಿಗೇರಿಸಿ, ಒಡೆಯದಂತೆ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಹೋಗುವುದರೊಳಗೆ ಅರ್ಧ ಸಂತೆ ಬೆಟ್ಟದಲ್ಲಿತ್ತು. ಅವರಲ್ಲಿ ಕಳ್ಳರು ಯಾರೂ ಇರಲಿಲ್ಲ. ಪಾಪ, ಬಳೆಗಾರನಿಗೆ ಉಪಕಾರ ಮಾಡೋಣವೆಂದೇ ಕುಡಿಕೆಯನ್ನು ಮಗುಚಿ, ಇದ್ದುದನ್ನೆಲ್ಲ ನೆಲಕ್ಕೆ ಸುರಿದು ಅವನಿಗಾಗಿ ಕಾಯುತ್ತಿದ್ದರು. ಇದರಲ್ಲಿ ನಿನ್ನದು ಯಾವುದು, ತಗೋ ಎಂದರು. ಕವಡೆ, ಮಣಿ, ಗೆಜ್ಜೆ, ಬುಗುರಿ, ಮುರಿದ ಬಾಚಣಿಗೆ. ಕೊನೆಯಲ್ಲಿ ಹಾಕಿದ್ದು ಮೇಲೇ ಇರುತ್ತಿತ್ತು. ತಾನೇ ಮೊದಲು ಮುಚ್ಚಳ ತೆಗೆದಿದ್ದರೆ ನೋಡುತ್ತಲೇ ತಿಳಿಯುತ್ತಿತ್ತು. ಈಗ ಮೇಲಿನದು ಕೆಳಗಾಗಿ, ಕೆಳಗಿನದು ಮೇಲಾಗಿ ಎಲ್ಲ ಒಂದೇ ರಾಶಿ. ಅವಳದು ಕಣ್ಣಮುಂದೆ ಇದ್ದೂ ಅವನಿಗೆ ಕಳೆದುಹೋಯಿತು.

ಬಳೆಗಾರ ಯಾರನ್ನೂ ಬೈಯಲಿಲ್ಲ. ಇದು ತನ್ನ ಬಾಯಿಯ ಕೆಲಸವೆಂದು ಅವನಿಗೆ ಅರಿವಾಗಿತ್ತು. ಆದರೆ ಸೋತು ಮನೆಗೂ ಹೋಗಲಿಲ್ಲ. ನೆಲದ ಮೇಲಿದ್ದುದನ್ನೆಲ್ಲ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಊರೂರು ಹೊರಟ. ಬಳೆ ತೊಡಿಸಿದ ಮನೆಯಲ್ಲೆಲ್ಲ ಗಂಟು ಬಿಚ್ಚಿ, ಇದರಲ್ಲಿ ನೀವು ಹಾಕಿದ್ದು ಇದೆಯೇ ಎಂದು ವಿಚಾರಿಸಿದ. ಕವಡೆ ತನ್ನದೆಂದು ಒಬ್ಬಳು ಗುರುತಿಸಿದಳು, ಗೆಜ್ಜೆ ತನ್ನ ಮಗಳದೆಂದು ಇನ್ನೊಬ್ಬಳು. ಗುರುತು ಸಿಕ್ಕಿದ್ದನ್ನು ಕೊಟ್ಟು ಮುಂದೆ ನಡೆದ. ಯಾರೂ ತಮ್ಮದೆನ್ನದೆ ಕೊನೆಗೆ ಉಳಿಯುವುದೇ ಅವಳದು ಎಂಬುದು ಅವನ ಲೆಕ್ಕ. ಗಂಟು ಸಣ್ಣದಾಗುತ್ತಾ ಬಂತು. ಕಡೆಯ ಊರಿನ ಒಬ್ಬ ಮುದುಕಿ ಬಾಚಣಿಗೆ ನನ್ನದೇ ಕಣಪ್ಪ ಎಂದು ತೆಗೆದುಕೊಂಡಳು. ಬಟ್ಟೆ ಬರಿದಾಯಿತು. ಎಲ್ಲಕ್ಕೂ ಒಬ್ಬೊಬ್ಬರು ಒಡೆಯರಿದ್ದರು, ಅವಳದು ಮಾತ್ರ ಇರಲಿಲ್ಲ.

ಆಗ ಅವನು ಮತ್ತೆ ಕುಂಬಾರನಲ್ಲಿಗೆ ಬಂದ. ಅಲ್ಲಿ ನಾಲ್ಕು ಜನ ಕೂತಿದ್ದರು. ಅವರು ಎದ್ದು ಹೋಗುವವರೆಗೆ ಹೊರಗೆ ಕಾದ. ಒಳಗೆ ಹೋಗಿ, ಈ ಸಲ ಸುಳಿವು ಕೊಡೆಂದು ಕೇಳಲಿಲ್ಲ. ತಾನು ಮಾಡಿದ್ದನ್ನು ಮೊದಲಿನಿಂದ ಹೇಳತೊಡಗಿದ. ಬೆಟ್ಟದಲ್ಲಿ ಎಲ್ಲಿ ನೋಡಿದೆ, ಎಲ್ಲಿ ನೋಡಿದೆನೆಂದು ಸುಳ್ಳು ಹೇಳಿದೆ, ನೆಲದ ಮೇಲೆ ಏನೇನಿತ್ತು, ಯಾವುದು ಯಾರ ಮನೆ ಸೇರಿತು. ಒಂದನ್ನೂ ಬಿಡದೆ ಹೇಳುತ್ತಾ ಬಂದವನು ನಡುವೆ ತಡೆದು ನಿಂತ.

"ಸುರಿದದ್ದನ್ನೆಲ್ಲ ನೋಡಿದೆ. ಕುಡಿಕೆ ಒಳಗೆ ಕೈ ಹಾಕಿ ನೋಡಲೇ ಇಲ್ಲ."

"ಈಗ ನೀನು ಸುಳಿವು ಕೇಳಿದ ಹಾಗಾಯಿತು" ಎಂದ ಕುಂಬಾರ.

ಬಳೆಗಾರ ನಿಂತ ಕಾಲಲ್ಲೇ ಬೆಟ್ಟ ಹತ್ತಿದ. ಕುಡಿಕೆ ಜನ ಬಿಟ್ಟುಹೋದಲ್ಲೇ ಮಗುಚಿಕೊಂಡು ಬಿದ್ದಿತ್ತು. ಜಾಗ ಬಯಲಾದ ಮೇಲೆ ಯಾರಿಗೂ ಅದು ಬೇಕಿರಲಿಲ್ಲ. ಅದರ ಬಾಯಿ ಕಿರಿದು. ಬಳೆ ತೊಡಿಸುವಾಗ ದಿನಾ ಹೆಂಗಸರಿಗೆ ಹೇಳುವಂತೆ ತಾನೇ ಹೆಬ್ಬೆರಳನ್ನು ಅಂಗೈಗೆ ಮಡಿಸಿ ಕೈಯನ್ನು ಒಳಗೆ ತೂರಿಸಿದ. ಒಳಗೋಡೆಗೆ ಏನೋ ಅಂಟಿಕೊಂಡಿತ್ತು. ಬಿಡಿಸಿ ತೆಗೆದ. ಎರಡು ತುದಿ ಸೇರಿಸಿ ಗಂಟು ಹಾಕಿದ ಒಂದು ದಾರ.

ಬೇರೆಯವರಾಗಿದ್ದರೆ ಕಸವೆಂದು ಎಸೆಯುತ್ತಿದ್ದರು. ಬಳೆಗಾರನಿಗೆ ಅದರ ಭಾಷೆ ಗೊತ್ತಿತ್ತು. ಸಂತೆಗೆ ಬರಲಾಗದ ಹೆಣ್ಣುಮಕ್ಕಳು ಹೀಗೆಯೇ ಕೈಯಳತೆಯನ್ನು ದಾರದಲ್ಲಿ ಹಿಡಿದು, ಇದಕ್ಕೆ ಸರಿಹೋಗುವ ಬಳೆ ಕೊಡಿ ಎಂದು ಕಳಿಸುತ್ತಿದ್ದರು. ಅವನ ಹೆಂಡತಿ ಬಾಳಿನುದ್ದಕ್ಕೂ ಮಾರಿ ಉಳಿದ ಬಳೆಯನ್ನೇ ತೊಟ್ಟಿದ್ದಳು. ಒಮ್ಮೆ ಸಡಿಲ, ಒಮ್ಮೆ ಬಿಗಿ. ಸೀಮೆಯ ಹೆಂಗಸರ ಕೈಯನ್ನೆಲ್ಲ ಹಿಡಿದು ಅಳತೆ ಕೇಳಿದವನು ಅವಳ ಅಳತೆ ಕೇಳಿರಲಿಲ್ಲ. ಬಳೆಗಾರ ಆ ದಾರವನ್ನು ಮುಷ್ಟಿಯಲ್ಲಿ ಹಿಡಿದು ಬಂಡೆಯ ಮೇಲೆ ಕೂತು ಬಹಳ ಹೊತ್ತು ಅತ್ತ.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರ ತನ್ನ ಪಟ್ಟು ಬಿಡಲಿಲ್ಲ.

"ಹಾಗಾದರೆ ಅರ್ಥ ಕೇಳಲೇಬಾರದೇ, ಬುದ್ಧಿ?"

"ಪರ್ವತಯ್ಯನನ್ನು ಎಲ್ಲರೆದುರು ಕೇಳಿದೆ" ಎಂದರು ಗುರುಗಳು, "ವಚನವನ್ನು ಕೇಳಿದೆಯಾ?"

ಚನ್ನವೀರ ಎದ್ದು ಒಬ್ಬನೇ ಒಂದು ಮೂಲೆಗೆ ಹೋಗಿ, ವಚನವನ್ನು ಮೊದಲ ಸಾಲಿನಿಂದ ಹೇಳಿಕೊಳ್ಳತೊಡಗಿದ.