ಬೇಡ ಎಂದ ತುವಾರಿಕಿ

ಯಾವ ಕಾಲ ಅಂತ ಕೇಳಬೇಡಿ, ಹೇಳುವವರು ಯಾರೂ ಉಳಿದಿಲ್ಲ. ಬಹಳ ಹಿಂದೆ, ತೆಂಕಣ ಸಾಗರದ ನಟ್ಟನಡುವೆ ಒಂದು ದ್ವೀಪ, ಆ ದ್ವೀಪದಲ್ಲಿ ಓತಾವೆ ಅಂತ ಒಂದು ಊರು. ಊರಿಗೆ ಹೊಲವಿಲ್ಲ, ಗದ್ದೆಯಿಲ್ಲ. ಇದ್ದದ್ದು ಹವಳದ ದಿಣ್ಣೆ ಸುತ್ತುಗಟ್ಟಿದ ಒಂದು ಒಳಗಡಲು. ಹೆಂಗಸರು ಉಸಿರು ಕಟ್ಟಿ ಮುಳುಗಿ ಮುತ್ತಿನ ಚಿಪ್ಪು ತರುತ್ತಿದ್ದರಂತೆ. ಆ ಚಿಪ್ಪು ಹಡಗು ಹತ್ತಿ ಹೋಗಿ ದೂರದೇಶದವರ ಅಂಗಿಗೆ ಗುಂಡಿಯಾಗುತ್ತಿತ್ತಂತೆ. ಊರಿನ ಅನ್ನವೆಲ್ಲ ಆ ನೀರಿನಲ್ಲೇ ಇತ್ತು.

ಆಳುತ್ತಿದ್ದವರು ಹೊರಗಿನಿಂದ ಬಂದ ದೊರೆಗಳು. ಊರಿನ ಪ್ರತಿನಿಧಿ ಒಪ್ಪದೆ ಒಳಗಡಲನ್ನು ಯಾರಿಗೂ ಕೊಡುವುದಿಲ್ಲ ಅಂತ ಅವರೇ ಕಾಗದ ಮಾಡಿಟ್ಟಿದ್ದರು. ಊರು ಆರಿಸಿ ಕಳಿಸಿದ ಪ್ರತಿನಿಧಿ ತುವಾರಿಕಿ. ದೋಣಿ ಕಟ್ಟುವವನು, ಮರದ ಹಾಗೇ ಗಟ್ಟಿ, ಮರದ ಹಾಗೇ ಮೌನಿ.

ಮೊದಲ ಸಭೆಯ ದಿನ ಗವರ್ನರ್ ದೊರೆ ಭರ್ಜರಿ ಊಟ ಹಾಕಿಸಿದ. ಸುಟ್ಟ ಹಂದಿ, ಡಬ್ಬಿ ಮಾಂಸ, ಸಕ್ಕರೆ ಹಾಕಿದ ಚಹಾ. ಊಟವಾದ ಮೇಲೆ ಕೇಳಿದ: ಒಳಗಡಲನ್ನು ಮೂವತ್ತು ವರ್ಷಕ್ಕೆ ಕಂಪನಿಗೆ ಕೊಡಬಹುದೇ? ತುವಾರಿಕಿ ತಟ್ಟೆ ಕೆಳಗಿಟ್ಟ, ನೆಲ ನೋಡಿದ, ಒಂದು ಮಾತೂ ಆಡಲಿಲ್ಲ.

ನಮ್ಮಲ್ಲಿ ಮೌನ ಸಮ್ಮತಿಯ ಲಕ್ಷಣ. ಓತಾವೆಯಲ್ಲಿ ತಿರುಗಾಮುರುಗಾ. ಉಂಡ ಮನೆಯಲ್ಲಿ ಯಜಮಾನನ ಮುಖಕ್ಕೆ ಬೇಡ ಅನ್ನಬಾರದು. ಸುಮ್ಮನೆ ನೆಲ ನೋಡಿದರೆ ಅದೇ ಬೇಡ, ಕಲ್ಲಿನಂಥ ಬೇಡ. ದೊರೆಯ ಗುಮಾಸ್ತ ಬರೆದುಕೊಂಡದ್ದು ಮಾತ್ರ ಬೇರೆ: ‘ಆಕ್ಷೇಪಣೆ ಇಲ್ಲ.’

ಗೊತ್ತಿಲ್ಲದೆ ಬರೆದನೇ? ಹನ್ನೆರಡು ವರ್ಷ ಅದೇ ದ್ವೀಪದ ನೀರು ಕುಡಿದವನು ಅವನು! ಗೊತ್ತಿತ್ತು. ಗೊತ್ತಿದ್ದೇ ಊಟ ಮೊದಲು ಇಟ್ಟರು, ಪ್ರಶ್ನೆ ಆಮೇಲೆ ಇಟ್ಟರು. ಸರಕು ತೋರಿಸುವ ಮೊದಲು ಶರಬತ್ತು ಕೊಡುವ ವ್ಯಾಪಾರಿಯನ್ನು ಪೇಟೆಯಲ್ಲಿ ಯಾರೂ ನಂಬುವುದಿಲ್ಲ. ಪಾಪ, ತುವಾರಿಕಿ ಪೇಟೆ ಕಂಡವನಲ್ಲ. ಬೇಡ ಅಂದುಬಂದೆ ಅಂತ ಊರಿಗೆಲ್ಲ ಹೇಳಿ ನೆಮ್ಮದಿಯಾಗಿ ಮಲಗಿದ.

ಮಳೆಗಾಲ ಮುಗಿಯುವಷ್ಟರಲ್ಲಿ ಕಂಪನಿಯ ಹಡಗು ಬಂತು. ಮುಳುಗುವ ಯಂತ್ರ ಬಂತು, ಕಾವಲಿನವರು ಬಂದರು. ಎಂದಿನಂತೆ ನೀರಿಗಿಳಿದ ತುವಾರಿಕಿಯ ಸೋದರತ್ತೆ ಹೇರೆಮಾಳನ್ನು ಕಳ್ಳಿ ಅಂತ ಹಿಡಿದು ಠಾಣೆಯಲ್ಲಿ ಕೂಡಿಹಾಕಿದರು. ಬಿಡಿಸಲು ಹೋದರೆ ಮುದುಕಿ ಸರಳಿನ ಹಿಂದಿನಿಂದಲೇ ಉಗಿದಳಂತೆ.

“ನೀನೇ ಒಪ್ಪಿದೆಯಂತಲ್ಲೋ, ಕಾಗದ ಓದಿ ಹೇಳಿದರು!”

“ಇಲ್ಲತ್ತೆ, ನಾನು ಬೇಡ ಅಂತಲೇ...”

“ಯಾವ ಬಾಯಲ್ಲಿ ಅಂದೆ? ಬಾಯಿ ತುಂಬ ಹಂದಿ ಇತ್ತಲ್ಲ!”

ಆ ಮಾತು ಅವನ ಎದೆಗೆ ಕೆಂಡ ಸುರಿಯಿತು. ಮುಂದಿನ ಸಭೆಗೆ ಖಾಲಿ ಹೊಟ್ಟೆಯಲ್ಲಿ ಹೋದ. ಮೂರು ದಿನದ ಉಪವಾಸ ಅನ್ನುತ್ತಾರೆ. ಏಳು ದಿನ ಅನ್ನುವವರೂ ಇದ್ದಾರೆ. ನೀರನ್ನೂ ಮುಟ್ಟಲಿಲ್ಲ. ಅವರ ಅನ್ನದ ಋಣವಿಲ್ಲದ ಬಾಯಿ, ತೆರೆದರೆ ಸಿಡಿಲು. ದೊರೆ ರಸ್ತೆ ಅಂದ, ಬೇಡ! ತೆರಿಗೆ ಅಂದ, ಬೇಡ! ಸೆಖೆ ಜಾಸ್ತಿ, ಕಿಟಕಿಯನ್ನಾದರೂ ತೆರೆಯೋಣವೇ ಅಂದ, ಅದೂ ಬೇಡ! ಆ ಕೂಗಿಗೆ ಗೋಡೆಯ ಮೇಲಿದ್ದ ರಾಜನ ಪಟ ಕಳಚಿ ಬಿತ್ತಂತೆ.

ದೊರೆ ಅವನನ್ನು ಸಭೆಯಿಂದ ಕಿತ್ತುಹಾಕಿದ. ಊರು ಮತ್ತೆ ಅವನನ್ನೇ ಆರಿಸಿತು. ಮತ್ತೆ ಕಿತ್ತ, ಮತ್ತೆ ಆರಿಸಿತು. ದೂರದ ಬೋಳು ದ್ವೀಪಕ್ಕೆ ಸಾಗಿಸಿದ, ಅಲ್ಲಿದ್ದವನನ್ನೇ ಆರಿಸಿತು. ಶಾರ್ಕ್ ಮೀನಿನ ಬೆನ್ನೇರಿ ವಾಪಸು ಬಂದ ಅನ್ನುತ್ತಾರೆ. ಮೀನಿನ ಮಾತು ಬಿಡಿ. ಆರು ಸಲ ಆರಿಸಿದ್ದು ಮಾತ್ರ ಖರೆ.

ಆದರೆ ಕಾಗದ ಕದಲಲಿಲ್ಲ. ಯಂತ್ರ ಮರಿಚಿಪ್ಪನ್ನೂ ಬಿಡದೆ ಬಾಚಿತು. ಕೊನೆಗೊಂದು ದಿನ ಕಂಪನಿ ಗಂಟುಮೂಟೆ ಕಟ್ಟಿತು. ಮರುವಾರ ಹೊಸ ಗವರ್ನರ್ ಬ್ಯಾಂಡು ಬಾರಿಸಿಕೊಂಡು ಬಂದ. ಸರ್ಕಾರ ದೊಡ್ಡ ಮನಸ್ಸು ಮಾಡಿ ಒಳಗಡಲನ್ನು ನಿಮಗೇ ದಾನ ಕೊಟ್ಟಿದೆ, ತುವಾರಿಕಿಯವರು ಎರಡು ಮಾತು ಕೃತಜ್ಞತೆ ಹೇಳಬೇಕು ಅಂದ.

ತಲೆ ಹಣ್ಣಾದ ತುವಾರಿಕಿ ಎದ್ದ. ನೇರವಾಗಿ ನೀರಿಗೆ ಹಾರಿದ. ಬ್ಯಾಂಡು ನಿಂತಿತು. ಎಷ್ಟೋ ಹೊತ್ತಿಗೆ ಮೇಲೆ ಬಂದವನು ಬೊಗಸೆಯಲ್ಲಿದ್ದದ್ದನ್ನು ದೊರೆಯ ಬಿಳಿ ಬೂಟಿನ ಮೇಲೆ ಸುರಿದ. ಬರೀ ಮರಳು. ಆಮೇಲೆ ಕೇಳಿದ:

“ಈ ದೊಡ್ಡ ಮನಸ್ಸು ಇಷ್ಟು ದಿನ ಎಲ್ಲಿತ್ತು?”

ದೊರೆ ಬೂಟಿನ ಮರಳು ಒದರಿಕೊಂಡು ಹಡಗು ಹತ್ತಿದ.

ತುವಾರಿಕಿ ಹೋಗಿ ಎಷ್ಟೋ ತಲೆಮಾರಾಯಿತು. ಇವತ್ತಿಗೂ ಓತಾವೆಗೆ ಯಾವ ಅಧಿಕಾರಿ ಏನು ತಂದರೂ, ನಲ್ಲಿಯಾಗಲಿ, ಔಷಧಿಯಾಗಲಿ, ಅಲ್ಲಿ ಚಪ್ಪಾಳೆಯಿಲ್ಲ, ಹಾರವಿಲ್ಲ. ಊರಿನ ಹಿರಿಯ ಹೆಂಗಸು ಮುಂದೆ ಬಂದು ಇಷ್ಟು ದಿನ ಎಲ್ಲಿತ್ತು ಅಂತ ಕೇಳುತ್ತಾಳಂತೆ. ಬಂದವನು ಬಾಯಿಬಿಟ್ಟು ಉತ್ತರ ಹೇಳುವ ತನಕ ಒಬ್ಬರೂ ಕೈ ಚಾಚುವುದಿಲ್ಲವಂತೆ.