ಮೂವತ್ತರ ಪತ್ರಗಳು

ಬುಧವಾರ ಹಾಜರಿ ಮುಗಿದ ಮೇಲೆ ಇಂಜಿನಿಯರ್ ಬಂದು, ಶಾಲೆಯ ನೀಲಿ ಕೇಬಲ್ಲಿಗೆ ಹಳದಿ ಕೇಬಲ್ಲೊಂದನ್ನು ಜೊತೆಮಾಡಿ, ಎರಡಕ್ಕೂ ‘ಜೋಡಿ’ ಎಂದು ಒಂದೇ ಹೆಸರಿಟ್ಟು ಹೋದರು. ಅಂದಿನಿಂದ ಗ್ರಂಥಾಲಯದ ಕಂಪ್ಯೂಟರಿಗೆ ಪಟ್ಟಣದ ಗ್ರಂಥಾಲಯದಲ್ಲಿದ್ದ ಗೆಳೆಯ ಕಂಪ್ಯೂಟರಿನ ಉತ್ತರ ಬರುವುದು ನಿಂತಿತು. ದಿನವೂ ಹೊಸ ಪುಸ್ತಕಗಳ ಸುದ್ದಿ ಹೇಳುತ್ತಿದ್ದ ಗೆಳೆಯನಿಗೆ ತನ್ನ ಮೇಲೆ ಬೇಸರವೆಂದುಕೊಂಡು ಅದು ಮೂರು ದಿನ ಕ್ಷಮೆ ಕೇಳಿ ಪತ್ರ ಬರೆಯಿತು.

ಕೊನೆಗೆ ನೀಲಿ ಕೇಬಲ್ಲನ್ನು ಕೇಳಿತು, “ನೀಲಕ್ಕ, ನನ್ನ ಪತ್ರ ತಲುಪಿಸುತ್ತಿಲ್ಲವೇ?”

“ಬಾಗಿಲವರೆಗೆ ಒಯ್ಯುತ್ತೇನೆ ತಮ್ಮಾ. ಫೈರ್‌ವಾಲ್ ಮಾವ ಹೊರಗೆ ಬಿಡುವುದಿಲ್ಲ.”

ಬಾಗಿಲು ಕಾಯುವ ಫೈರ್‌ವಾಲ್ ಪಟ್ಟಿ ನೋಡಿತು. “ಕೇಬಲ್ಲಿನೊಳಗೆ ಒಬ್ಬೊಬ್ಬರಿಗೂ ಒಂದು ದಾರಿ, ಅದೇ ವಿ-ಲ್ಯಾನ್. ಕಚೇರಿಯದು ಹತ್ತು, ಪ್ರಯೋಗಾಲಯದ್ದು ಇಪ್ಪತ್ತು. ಎರಡೂ ಜೋಡಿಯ ಹೆಸರಿನಲ್ಲಿವೆ. ಗ್ರಂಥಾಲಯದ ಮೂವತ್ತು ಇನ್ನೂ ನೀಲಿಯ ಹೆಸರಿನಲ್ಲಿದೆ. ನೀಲಿ ಎಂಬ ಒಂಟಿ ಕೇಬಲ್ ಇಲ್ಲಿಲ್ಲ.”

“ಎದುರಿಗೇ ನಿಂತಿದ್ದೇನಲ್ಲ!” ಎಂದು ನೀಲಿ ರೇಗಿತು.

“ನಿಂತಿರುವುದು ಜೋಡಿ.”

ಹಳದಿ ನೀಲಿಯನ್ನು ಕೇಳಿತು, “ನಿನ್ನನ್ನೇ ನಂಬಿದವನೊಬ್ಬ ಇದ್ದಾನೆಂದು ಯಾಕೆ ಹೇಳಲಿಲ್ಲ?”

“ಹೊಸ ಸಂಭ್ರಮ. ಮರೆತೆ,” ಎಂದಿತು ನೀಲಿ.

“ನೀವೇ ತಿದ್ದಿಬಿಡಿ ಮಾವ,” ಎಂದು ಕಂಪ್ಯೂಟರ್ ಬೇಡಿತು.

“ಓದುವುದಷ್ಟೇ ನನ್ನ ಕೆಲಸ. ದೂರು ಕಳಿಸು. ಇಂಜಿನಿಯರ್ ಬಂದು ತಿದ್ದುತ್ತಾರೆ.”

ಕಂಪ್ಯೂಟರ್ ಅಚ್ಚುಕಟ್ಟಾಗಿ ದೂರು ಬರೆದು, ಮೇಲೆ ತನ್ನ ದಾರಿ ಮೂವತ್ತು ಎಂದು ನಮೂದಿಸಿ, ನೀಲಿಯ ಕೈಗೆ ಕೊಟ್ಟಿತು.

ದೂರು ಹೋಗಬೇಕಾದದ್ದೂ ಅದೇ ಬಾಗಿಲಿನಿಂದ.