ಎಲ್ಲರಿಗಿಂತ ಜೋರಾಗಿ ಕೂಗಿದ ಕಪ್ಪೆ

ಮಕ್ಕಳೇ, ಶಾಲೆಯೊಂದರ ಹಿಂದೆ ಜೊಂಡು ತುಂಬಿದ ಕೊಳವಿತ್ತು. ಅದರಲ್ಲಿ ಬೊಗ್ಗಣ್ಣನೆಂಬ ಕಪ್ಪೆ ಇದ್ದ. ಶಾಲೆಯ ಕಿಟಕಿಯಲ್ಲಿ ಕೂತು ಪಾಠ ಕೇಳುತ್ತಿದ್ದ ಮೈನಾ ಒಂದು ದಿನ ಇಂಗ್ಲಿಷ್ ವ್ಯಾಕರಣ ಕಲಿತು ಬಂದು, ಕೊಳದವರಿಗೆಲ್ಲ ಹೇಳಿಕೊಟ್ಟಳು.

"ಕೆಲಸ ಹೇಗೆ ಮಾಡಿದರು ಅಂತ ಹೇಳೋಕೆ ಮೂರು ಮೆಟ್ಟಿಲು. ಒಬ್ಬ ಜೋರಾಗಿ ಕೂಗಿದರೆ ಲೌಡ್ಲಿ. ಇನ್ನೊಬ್ಬ ಅವನಿಗಿಂತ ಜೋರಾಗಿ ಕೂಗಿದರೆ ಮೋರ್ ಲೌಡ್ಲಿ. ಎಲ್ಲರಿಗಿಂತ ಜೋರಾಗಿ ಕೂಗಿದರೆ ಮೋಸ್ಟ್ ಲೌಡ್ಲಿ."

ಬೊಗ್ಗಣ್ಣನಿಗೆ ಮೂರನೆಯದೇ ಹಿಡಿಸಿತು. ಮೊದಲೆರಡು ಮಿಕ್ಕವರಿಗಿರಲಿ ಎಂದುಕೊಂಡ. ಅಂದಿನಿಂದ ಹಾರಿದರೂ ಎಲ್ಲರಿಗಿಂತ ದೂರ, ಮುಳುಗಿದರೂ ಎಲ್ಲರಿಗಿಂತ ಆಳ. ಎಲ್ಲರಿಗಿಂತ ಬೇಗ ನುಂಗಲು ಹೋಗಿ, ನೊಣದ ಬದಲು ತನ್ನ ಭಾವನ ಕಾಲನ್ನೇ ಬಾಯಿಗೆ ಹಾಕಿಕೊಂಡ. ಭಾವ ಎರಡು ದಿನ ಮಾತು ಬಿಟ್ಟ. ಆಮೆ ಚಿಪ್ಪಜ್ಜಿ, ಒಂದು ಮೆಟ್ಟಿಲು ಕೆಳಗಿಳಿಯಪ್ಪ ಎಂದು ಬುದ್ಧಿ ಹೇಳಿದರೆ, ಅಜ್ಜಿಗೆ ಇಂಗ್ಲಿಷ್ ತಿಳಿಯದು ಎಂದು ನಕ್ಕುಬಿಟ್ಟ.

ಮೈನಾಳ ಪಾಠವನ್ನು ದಡದಲ್ಲಿ ಒಂಟಿಕಾಲಲ್ಲಿ ನಿಂತಿದ್ದ ಕೊಕ್ಕರೆಯೂ ಕೇಳಿಸಿಕೊಂಡಿತ್ತು. ಒಂದು ಬೆಳಗ್ಗೆ ಅದು ನೀರಿಗಿಳಿದಾಗ ಕಪ್ಪೆಗಳೆಲ್ಲ ಜೊಂಡಿನೊಳಗೆ ಉಸಿರು ಬಿಗಿಹಿಡಿದು ಕೂತವು. ಹುಡುಕಿ ಹುಡುಕಿ ಸಾಕಾದ ಕೊಕ್ಕರೆ, ತನ್ನಷ್ಟಕ್ಕೆ ಮಾತಾಡಿಕೊಂಡಂತೆ ಹೇಳಿತು:

"ಪಕ್ಕದ ಕೆರೆಯ ಕಪ್ಪೆ ಲೌಡ್ಲಿ ಕೂಗುತ್ತಾನೆ. ಅವನ ತಮ್ಮ ಮೋರ್ ಲೌಡ್ಲಿ. ಪಾಪ, ಈ ಕೊಳದಲ್ಲಿ ಮೂರನೆಯ ಮೆಟ್ಟಿಲಿನವರು ಯಾರೂ ಇಲ್ಲವೇನೋ."

ಬೊಗ್ಗಣ್ಣನ ಗಂಟಲು ತುರಿಸಿತು. ಭಾವ ಬೇಡ ಬೇಡವೆಂದು ಸನ್ನೆ ಮಾಡಿದ. ಆದರೂ ಬೊಗ್ಗಣ್ಣನಿಗೆ ತಡೆದುಕೊಳ್ಳಲಾಗಲಿಲ್ಲ. ಕೆನ್ನೆ ಉಬ್ಬಿಸಿ ವಟರ್ ಎಂದು ಕೂಗಿದ ರಭಸಕ್ಕೆ ತರಗತಿಯ ಮಕ್ಕಳೆಲ್ಲ ಕಿಟಕಿಯತ್ತ ತಿರುಗಿದರು. ಕೊಕ್ಕರೆ ಸದ್ದು ಬಂದ ಕಡೆಗೇ ಕೊಕ್ಕು ಹಾಕಿ ಅವನ ಹಿಂಗಾಲು ಹಿಡಿಯಿತು.

ಚಿಪ್ಪಜ್ಜಿ ನೀರಿನಡಿಯಿಂದಲೇ ಬಂದು ಕೊಕ್ಕರೆಯ ಕಾಲನ್ನು ಗಟ್ಟಿಯಾಗಿ ಕಚ್ಚಿದಳು. ಅದು ಬಿಡಲಿಲ್ಲ. ಇನ್ನೂ ಗಟ್ಟಿಯಾಗಿ ಕಚ್ಚಿದಳು. ಕೊಕ್ಕರೆ ನೋವಿಗೆ ಬಾಯಿ ತೆರೆದು, ಬೊಗ್ಗಣ್ಣನನ್ನು ಕೆಡವಿ ಹಾರಿಹೋಯಿತು. ಮೂರನೆಯ ಮೆಟ್ಟಿಲು ಬೇಕಾಗಲಿಲ್ಲ.

ಊದಿದ ಕಾಲು ಚಾಚಿಕೊಂಡು ಕೂತವನನ್ನು ಅಜ್ಜಿ ಕೇಳಿದಳು, "ಹೇಗಿದೆಯಪ್ಪ ನೋವು?"

"ಇದೆ ಅಜ್ಜಿ" ಎಂದ ಬೊಗ್ಗಣ್ಣ, ಪಕ್ಕದಲ್ಲೇ ಕೂತಿದ್ದ ಭಾವನಿಗೂ ಕೇಳಿಸದಷ್ಟು ಮೆಲ್ಲಗೆ.

ನೀತಿ: ಎಲ್ಲರಿಗಿಂತ ಮೇಲೆನಿಸಿಕೊಳ್ಳುವ ಚಪಲ ಇರುವವನನ್ನು ಹಿಡಿಯಲು ಬಲೆ ಬೇಕಿಲ್ಲ, ಕೆಣಕುವ ಒಂದು ಮಾತು ಸಾಕು.